ಹೇಳಿದ ಬೆಲೆ 1.40 ಕೋಟಿ: ನಾವು ಎಷ್ಟಕ್ಕೆ ಕೇಳುವುದು ಸರಿ?

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ 30×40 ನಿವೇಶನದಲ್ಲಿರುವ, ಕಟ್ಟಿ ಸುಮಾರು 22 ವರ್ಷವಾಗಿರುವ ಮನೆಯೊಂದನ್ನು ಕೊಳ್ಳಲು ನಾನು ಮತ್ತು ನಮ್ಮ ಯಜಮಾನರು ಯೋಚಿಸುತ್ತಿದ್ದೇವೆ. ಪೂರ್ವದ ಬಾಗಿಲು, ಕೆಳಗೆ ಒಂಬತ್ತು ಚದರ, ಮಹಡಿಯಲ್ಲಿ ಆರು ಚದರ. ಮಾಲೀಕರು ತೀರಿಕೊಂಡಿದ್ದು, ಅವರ ಪತ್ನಿ ಹಾಗೂ ಮೂವರು ಮಕ್ಕಳು ಸೇರಿ ಮಾರುತ್ತಿದ್ದಾರೆ. ಅವರು ಹೇಳಿರುವ ಬೆಲೆ 1.40 ಕೋಟಿ. ಮಧ್ಯವರ್ತಿಯು "1.35ಕ್ಕೆ ನಾನು ಮುಗಿಸಿಕೊಡುತ್ತೇನೆ, ಬೇಗ ಮುಂಗಡ ಕೊಡಿ" ಎಂದು ಒತ್ತಾಯಿಸುತ್ತಿದ್ದಾರೆ. ನಮ್ಮ ಮಾವನವರು ಒಂದು ಕೋಟಿಗೆ ಕೇಳಿ ನೋಡಿ ಎನ್ನುತ್ತಾರೆ. ನನ್ನ ತಮ್ಮ ಹೇಳಿದ ಬೆಲೆಗಿಂತ ಶೇ 10ರಷ್ಟು ಕಡಿಮೆ ಕೇಳುವುದು ವಾಡಿಕೆ ಎನ್ನುತ್ತಾನೆ. ಈ ಮೂರು ಅಂಕಿಗಳಲ್ಲಿ ಯಾವುದಕ್ಕೂ ಆಧಾರವೇನೆಂದು ಯಾರೂ ಹೇಳುತ್ತಿಲ್ಲ. ನಮ್ಮ ಕೈಯಲ್ಲಿ 52 ಲಕ್ಷವಿದೆ, ಉಳಿದದ್ದು ಬ್ಯಾಂಕ್ ಸಾಲವಾಗಬೇಕು. ಯಾವ ಲೆಕ್ಕದ ಮೇಲೆ ನಮ್ಮ ಬೆಲೆಯನ್ನು ನಿರ್ಧರಿಸಬೇಕೆಂದು ತಿಳಿದವರು ದಯವಿಟ್ಟು ವಿವರಿಸಿ.

ಇಟ್ಟಿಗೆಗಾರೆ:

ನಾನು ಸಿವಿಲ್ ಇಂಜಿನಿಯರ್. ಆಸ್ತಿ ಮೌಲ್ಯಮಾಪನದ ಕೆಲಸವನ್ನೂ ಮಾಡುತ್ತೇನೆ. ಮೊದಲು 1.40 ಕೋಟಿಯನ್ನು ಮರೆತುಬಿಡಿ. ಅದರಿಂದ ಶೇ 10 ಕಳೆಯುವುದು, 15 ಕಳೆಯುವುದು ಎಂದು ಹೊರಟರೆ, ಮಾರುವವರು ಯಾವ ಅಂಕಿಯನ್ನು ಬಾಯಿಗೆ ಬಂದಂತೆ ಹೇಳಿದ್ದಾರೋ ಅದನ್ನೇ ನೀವು ಬುನಾದಿ ಮಾಡಿಕೊಂಡಂತಾಗುತ್ತದೆ. ಅವರು 1.60 ಎಂದಿದ್ದರೆ ಅದೇ ಶೇ 10ರ ಲೆಕ್ಕದಲ್ಲಿ ನೀವು 1.44ಕ್ಕೆ ಕೇಳುತ್ತಿದ್ದಿರಿ, ಮನೆ ಮಾತ್ರ ಅದೇ ಮನೆ.

ಹಳೆಯ ಸ್ವತಂತ್ರ ಮನೆಯನ್ನು ಕೊಳ್ಳುವಾಗ ಎರಡು ವಸ್ತುಗಳನ್ನು ಕೊಳ್ಳುತ್ತೀರಿ: ನೆಲ ಮತ್ತು ಕಟ್ಟಡ. ನೆಲದ ಬೆಲೆ ಏರಬಹುದು. ಕಟ್ಟಡದ ಬೆಲೆ ವರ್ಷವರ್ಷವೂ ಇಳಿಯುತ್ತದೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು.

ನಿಮ್ಮ ಬೀದಿಯಲ್ಲಿ ನೆಲಕ್ಕೆ ಚದರಡಿಗೆ 8,500 ರೂಪಾಯಿ ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಅದನ್ನು ನೀವೇ ಖಚಿತಪಡಿಸಿಕೊಳ್ಳಬೇಕು. 1,200 ಚದರಡಿಗೆ 1.02 ಕೋಟಿ. ಕಟ್ಟಡ ಒಟ್ಟು ಹದಿನೈದು ಚದರ, ಎಂದರೆ 1,500 ಚದರಡಿ. ಅದೇ ದರ್ಜೆಯ ಮನೆಯನ್ನು ಇಂದು ಹೊಸದಾಗಿ ಕಟ್ಟಿಸಲು ಚದರಕ್ಕೆ 2.10 ಲಕ್ಷ ಎಂದುಕೊಂಡರೆ 31.5 ಲಕ್ಷ. ಆರ್‌ಸಿಸಿ ಕಟ್ಟಡದ ಆಯಸ್ಸನ್ನು 60 ವರ್ಷವೆಂದೂ, ಕೊನೆಯಲ್ಲಿ ಉಳಿಯುವ ಸಾಮಗ್ರಿಯ ಬೆಲೆಯನ್ನು ಶೇ 10 ಎಂದೂ ಹಿಡಿದರೆ ಸವಕಳಿ ವರ್ಷಕ್ಕೆ ಶೇ 1.5; 22 ವರ್ಷಕ್ಕೆ ಶೇ 33. ಉಳಿದ ಬೆಲೆ ಸುಮಾರು 21 ಲಕ್ಷ. ನೆಲ, ಕಟ್ಟಡ ಎರಡೂ ಸೇರಿ 1.23 ಕೋಟಿ.

ಇನ್ನು ರಿಪೇರಿ. ತಾರಸಿ ಸೋರಿಕೆ, ಹಳೆಯ ವೈರಿಂಗ್, ಬಚ್ಚಲುಮನೆಯ ಪೈಪು, ಸಂಪು ಇವುಗಳನ್ನು ಒಬ್ಬ ಅನುಭವಿ ಮೇಸ್ತ್ರಿಗೆ ತೋರಿಸಿ ಅಂದಾಜು ಬರೆಸಿಕೊಳ್ಳಿ. ಆದರೆ ಆ ಮೊತ್ತವನ್ನೆಲ್ಲ ಬೆಲೆಯಿಂದ ಕಳೆಯಬೇಡಿ. 22 ವರ್ಷದ ವೈರಿಂಗ್ ಹಳೆಯದಾಗಿರುವುದು ಸಹಜ, ಅದು ಸವಕಳಿಯಲ್ಲೇ ಸೇರಿಹೋಗಿದೆ. ಅದನ್ನು ಮತ್ತೊಮ್ಮೆ ಕಳೆದರೆ ಒಂದೇ ಕೊರತೆಗೆ ಎರಡು ಸಲ ದಂಡ ಹಾಕಿದಂತಾಗುತ್ತದೆ, ಮತ್ತು ಎದುರಿಗೆ ತಿಳಿದವರು ಕುಳಿತಿದ್ದರೆ ನಿಮ್ಮ ಇಡೀ ಲೆಕ್ಕದ ಮೇಲೆ ಅವರಿಗೆ ನಂಬಿಕೆ ಹೋಗುತ್ತದೆ. ವಯಸ್ಸಿಗೆ ಮೀರಿದ ದೋಷ ಎಷ್ಟಿದೆಯೋ ಅಷ್ಟನ್ನೇ ಕಳೆಯಿರಿ.

ಹಳೇಮೈಸೂರು:

ಇಂಜಿನಿಯರ್ ಅವರ ಲೆಕ್ಕ ಸರಿಯಾಗಿದೆ. ಅದರಲ್ಲಿ ಅತ್ಯಂತ ತೂಕದ ಅಂಕಿ 8,500 ಎಂಬುದನ್ನು ಗಮನಿಸಿ. ಚದರಡಿಗೆ 500 ರೂಪಾಯಿ ಅತ್ತಿತ್ತಾದರೆ ಒಟ್ಟು ಬೆಲೆಯಲ್ಲಿ 6 ಲಕ್ಷ ಅತ್ತಿತ್ತಾಗುತ್ತದೆ. ಮನೆ ನೋಡಲು ಹೋದವರು ಅಡುಗೆಮನೆಯ ಟೈಲ್ಸ್, ಕಿಟಕಿಯ ಗ್ರಿಲ್, ದೇವರಮನೆಯ ಬಾಗಿಲು ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಬೀದಿಯ ನೆಲದ ದರವನ್ನು ಮಾತ್ರ ಮಧ್ಯವರ್ತಿ ಹೇಳಿದ್ದೇ ವೇದವೆಂದು ಒಪ್ಪಿಕೊಳ್ಳುತ್ತಾರೆ.

ದರವನ್ನು ತಿಳಿಯುವುದು ಹೇಗೆ? ಅಂತರ್ಜಾಲದ ಜಾಹೀರಾತುಗಳಲ್ಲಿ ಇರುವುದು ಕೇಳುತ್ತಿರುವ ಬೆಲೆ, ಮಾರಾಟವಾದ ಬೆಲೆಯಲ್ಲ. ವರ್ಷದಿಂದ ಅಲ್ಲೇ ಇರುವ ಜಾಹೀರಾತು ಆ ಬೆಲೆಗೆ ಯಾರೂ ಕೊಳ್ಳಲಿಲ್ಲ ಎಂಬುದಕ್ಕೇ ಸಾಕ್ಷಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಋಣಭಾರ ಪ್ರಮಾಣಪತ್ರವನ್ನು, ನಾವೆಲ್ಲ ಇಸಿ ಎನ್ನುವುದನ್ನು, ಪಡೆಯಬಹುದು. ಅದರಲ್ಲಿ ಆ ಆಸ್ತಿಯ ನೋಂದಾಯಿತ ವ್ಯವಹಾರಗಳು, ಪತ್ರದಲ್ಲಿ ನಮೂದಾದ ಮೊತ್ತ, ಅಡಮಾನಗಳು ಕಾಣುತ್ತವೆ. ನೀವು ಕೊಳ್ಳುವ ಮನೆಯ ಇಸಿಯನ್ನು ಹೇಗೂ ತೆಗೆಸಬೇಕು. ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಒಂದೆರಡು ಮನೆಗಳದ್ದನ್ನೂ ನೋಡಿ. ಆದರೆ ಪತ್ರದಲ್ಲಿ ಬರೆದ ಮೊತ್ತ ಕೈ ಬದಲಾದ ಮೊತ್ತಕ್ಕಿಂತ ಕಡಿಮೆ ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ಹಾಗಾಗಿ ಅದನ್ನು ತಳಮಟ್ಟವೆಂದು ತಿಳಿಯಿರಿ. ಜಾಹೀರಾತಿನ ಬೆಲೆ ಮೇಲ್ಮಟ್ಟ. ನಿಜವಾದದ್ದು ಇವೆರಡರ ನಡುವೆ ಎಲ್ಲೋ ಇರುತ್ತದೆ, ಅದನ್ನು ಹುಡುಕಲು ಈಚೆಗೆ ಕೊಂಡವರನ್ನೇ ಮಾತನಾಡಿಸಬೇಕು. ಮನೆ ಕೊಂಡವರು ಸಾಮಾನ್ಯವಾಗಿ ಆ ಕಥೆ ಹೇಳಲು ಕಾಯುತ್ತಿರುತ್ತಾರೆ.

ಬೀದಿಯ ಇಸ್ತ್ರಿ ಅಂಗಡಿಯವರನ್ನೂ ಮಾತನಾಡಿಸಿ. ಮನೆ ಎಷ್ಟು ದಿನದಿಂದ ಮಾರಾಟಕ್ಕಿದೆ, ಯಾರು ಯಾರು ಬಂದು ನೋಡಿ ಹೋದರು, ಮಾತುಕತೆ ಎಲ್ಲಿ ಮುರಿಯಿತು ಎಂಬುದು ಅವರಿಗೆ ಗೊತ್ತಿರುವಷ್ಟು ಮಧ್ಯವರ್ತಿಗೂ ಗೊತ್ತಿರುವುದಿಲ್ಲ.

ಚಾಮುಂಡಿತಪ್ಪಲು:

ಇಷ್ಟೆಲ್ಲ ಯಾಕೆ? ಸರ್ಕಾರವೇ ಮಾರ್ಗಸೂಚಿ ದರವನ್ನು ನಿಗದಿ ಮಾಡಿದೆಯಲ್ಲ, ಆ ಬೆಲೆಗೇ ಕೇಳಬಹುದಲ್ಲವೇ?

ಹಳೇಮೈಸೂರು:

ಕೇಳಬಹುದು, ಆದರೆ ಕೊಡುವವರು ಸಿಗುವುದಿಲ್ಲ. ಮಾರ್ಗಸೂಚಿ ದರವು ಮುದ್ರಾಂಕ ಶುಲ್ಕವನ್ನು ವಸೂಲು ಮಾಡಲು ಸರ್ಕಾರ ಹಾಕಿಕೊಂಡ ಕನಿಷ್ಠ ಅಳತೆ. ರಾಜ್ಯದಾದ್ಯಂತ ಅದನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಲಾಯಿತು. ನೀವು ಕೊಟ್ಟ ಬೆಲೆ ಮತ್ತು ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ ಬೀಳುತ್ತದೆ. ಬಹುಪಾಲು ಹಳೆಯ ಬಡಾವಣೆಗಳಲ್ಲಿ ಮಾರುಕಟ್ಟೆಯ ದರ ಅದಕ್ಕಿಂತ ಮೇಲೆಯೇ ಇರುತ್ತದೆ.

ಎಲ್ಲೋ ಕೆಲವು ಕಡೆ ಇದು ತಿರುಗುಮುರುಗಾಗುವುದೂ ಉಂಟು. ಮುಖ್ಯರಸ್ತೆಗೆ ಹಾಕಿದ ದರವು ಒಳಗಿನ ಇಕ್ಕಟ್ಟಾದ ಮನೆಗೂ ಅನ್ವಯವಾಗಿಬಿಟ್ಟಿರುತ್ತದೆ. ಅಂಥ ಕಡೆ ಚೌಕಾಶಿಯಲ್ಲಿ ಗೆದ್ದೆವೆಂದು ಹಿಗ್ಗುವ ಮೊದಲು ಒಂದು ವಿಷಯ ನೋಡಬೇಕು: ಮಾರ್ಗಸೂಚಿ ಬೆಲೆ ಕೊಂಡ ಬೆಲೆಗಿಂತ ಶೇ 10ಕ್ಕೂ ಮೀರಿ ಹೆಚ್ಚಾದರೆ, ಆ ವ್ಯತ್ಯಾಸವನ್ನು ಕೊಳ್ಳುವವರ ಆದಾಯವೆಂದು ಪರಿಗಣಿಸಿ ಆದಾಯ ತೆರಿಗೆ ಹಾಕಲು ಅವಕಾಶವಿದೆ.

ಲೆಕ್ಕದಪುಸ್ತಕ:

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೇಲಿನವರು ಮನೆಯ ಬೆಲೆ ಎಷ್ಟೆಂದು ಹೇಳಿದ್ದಾರೆ. ನಿಮ್ಮ ಕೈಗೆ ಎಷ್ಟು ಎಟುಕುತ್ತದೆ ಎಂಬುದು ಬೇರೆಯೇ ಲೆಕ್ಕ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಗಡಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲ 30 ಲಕ್ಷದವರೆಗಿದ್ದರೆ ಮನೆಯ ಮೌಲ್ಯದ ಶೇ 90ರವರೆಗೆ, 75 ಲಕ್ಷದವರೆಗಿದ್ದರೆ ಶೇ 80ರವರೆಗೆ, ಅದಕ್ಕೂ ಹೆಚ್ಚಿದ್ದರೆ ಶೇ 75ರವರೆಗೆ ಮಾತ್ರ ಕೊಡಬಹುದು. ಬ್ಯಾಂಕು ಈ ಶೇಕಡಾವಾರನ್ನು ನೀವು ಒಪ್ಪಿದ ಬೆಲೆ ಮತ್ತು ತನ್ನ ಮೌಲ್ಯಮಾಪಕರು ಹಾಕಿದ ಬೆಲೆ ಇವೆರಡರಲ್ಲಿ ಕಡಿಮೆಯಾದುದರ ಮೇಲೆ ಲೆಕ್ಕ ಹಾಕುತ್ತದೆ. ಈ ಗಾತ್ರದ ವ್ಯವಹಾರದಲ್ಲಿ ಮುದ್ರಾಂಕ ಮತ್ತು ನೋಂದಣಿ ಖರ್ಚನ್ನು ಮೌಲ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಅದು ಪೂರ್ತಿ ನಿಮ್ಮ ಜೇಬಿನಿಂದಲೇ ಹೋಗಬೇಕು. ಆ ಖರ್ಚೂ ಈಗ ಸಣ್ಣದಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಮೇಲ್ತೆರಿಗೆ ಸೇರಿ ನಗರದಲ್ಲಿ ಶೇ 5.6, ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿಸಿದ್ದರಿಂದ ಒಟ್ಟು ಶೇ 7.6. 1.20 ಕೋಟಿಗೆ ಅದು 9.12 ಲಕ್ಷ. ಬಹಳ ಮಂದಿ ಹಳೆಯ ಶೇ 6.6 ಅನ್ನೇ ತಲೆಯಲ್ಲಿಟ್ಟುಕೊಂಡು ಬರುತ್ತಾರೆ.

ಮನೆಯ ದಾಖಲೆಗಳ ಬಗ್ಗೆ ನೀವು ಏನೂ ಬರೆದಿಲ್ಲ. ಮಹಡಿಗೆ ಪ್ಲಾನ್ ಮಂಜೂರಾಗಿದೆಯೇ? ಯಾರಾದರೂ ಬಾಡಿಗೆಗೆ ಇದ್ದಾರೆಯೇ? ಇವು ಗೊತ್ತಾಗದೆ ಗಡಿಯನ್ನು ಹೇಳಲಾಗದು.

ಕಾವೇರಿತೀರ:

ಎಲ್ಲರಿಗೂ ಧನ್ಯವಾದಗಳು. ವಿಚಾರಿಸಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ಹಿಂದಿನ ಬೀದಿಯಲ್ಲಿ ಕೊಂಡವರು ಮತ್ತು ನಮ್ಮ ಪರಿಚಯದ ಪತ್ರಬರಹಗಾರರು ಹೇಳುವ ಪ್ರಕಾರ ನೆಲದ ದರ 8,000ದಿಂದ 9,000ದ ಒಳಗಿದೆ. ಆದ್ದರಿಂದ 8,500 ಎಂಬುದು ಸರಿಸುಮಾರು ಹೊಂದುತ್ತದೆ. ಮೇಸ್ತ್ರಿಯವರು ಐದು ಲಕ್ಷದ ಕೆಲಸವಿದೆ ಎಂದಿದ್ದಾರೆ, ಅದರಲ್ಲಿ ತಾರಸಿಯದು ಮತ್ತು ಹಿಂಬದಿ ಗೋಡೆಯ ಬಿರುಕಿನದು ಮೂರು ಲಕ್ಷ. ನೆಲಮಹಡಿಗೆ ಮಾತ್ರ ಮಂಜೂರಾದ ಪ್ಲಾನ್ ಇದೆ, ಮಹಡಿಯನ್ನು ಆಮೇಲೆ ಕಟ್ಟಿದ್ದಾರೆ. ಮಹಡಿಯಲ್ಲಿ ಒಂದು ಕುಟುಂಬ 8 ಲಕ್ಷ ರೂಪಾಯಿಗೆ ಭೋಗ್ಯಕ್ಕಿದೆ (ತಿಂಗಳ ಬಾಡಿಗೆಯಿಲ್ಲ, ಮನೆ ಬಿಡುವಾಗ ಆ ಹಣವನ್ನು ಹಿಂದಿರುಗಿಸಬೇಕು), ಅವಧಿ ಮುಗಿಯಲು ಇನ್ನೂ ಒಂದು ವರ್ಷದ ಹತ್ತಿರವಿದೆ. ಮಕ್ಕಳಲ್ಲಿ ಒಬ್ಬರು ಅಮೆರಿಕದಲ್ಲಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, 20 ಲಕ್ಷವನ್ನು ನಗದಾಗಿ ಕೊಟ್ಟರೆ ಬೆಲೆ ಇಳಿಸುತ್ತಾರೆ, ನೋಂದಣಿ ಖರ್ಚೂ ಉಳಿಯುತ್ತದೆ ಎಂದು ಮಧ್ಯವರ್ತಿ ಹೇಳುತ್ತಿದ್ದಾರೆ. ಇದನ್ನು ಹೇಗೆ ನೋಡಬೇಕು?

ಲೆಕ್ಕದಪುಸ್ತಕ:

ಈಗ ಗಡಿ ಹಾಕಬಹುದು.

ಪ್ಲಾನ್ ಇಲ್ಲದ ಮಹಡಿಯನ್ನು ಹಲವು ಬ್ಯಾಂಕುಗಳ ಮೌಲ್ಯಮಾಪಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಜಿನಿಯರ್ ಅವರ ದರದಲ್ಲೇ ಕೆಳಗಿನ ಒಂಬತ್ತು ಚದರವನ್ನು ಮಾತ್ರ ಹಿಡಿದರೆ ಕಟ್ಟಡಕ್ಕೆ ಸುಮಾರು 12.7 ಲಕ್ಷ, ನೆಲದ 1.02 ಕೋಟಿ ಸೇರಿ ಬ್ಯಾಂಕಿನ ಮೌಲ್ಯ 1.15 ಕೋಟಿಯ ಆಸುಪಾಸು ಬರುತ್ತದೆ. ಅದರ ಶೇ 75, ಎಂದರೆ ಸುಮಾರು 86 ಲಕ್ಷ ನಿಮಗೆ ಸಿಗಬಹುದಾದ ಗರಿಷ್ಠ ಸಾಲ. ನೀವು 1.20ಕ್ಕೆ ಕೊಂಡರೂ 1.30ಕ್ಕೆ ಕೊಂಡರೂ ಸಾಲ ಅಷ್ಟೇ ಇರುತ್ತದೆ. ಮೇಲೆ ಏರಿಸಿದ ಪ್ರತಿ ರೂಪಾಯಿಯೂ ನಿಮ್ಮ ಉಳಿತಾಯದಿಂದಲೇ ಬರಬೇಕು. ಚೌಕಾಶಿಯ ಕಾವಿನಲ್ಲಿ "ಎರಡು ಲಕ್ಷ ತಾನೆ, ಸಾಲಕ್ಕೆ ಸೇರಿಸಿಕೊಂಡರಾಯಿತು" ಎಂದುಕೊಳ್ಳುವವರು ಇಲ್ಲೇ ಎಡವುತ್ತಾರೆ.

1.22 ಕೋಟಿಗೆ ಒಪ್ಪಿದಿರೆನ್ನಿ: ಸಾಲ ಕಳೆದು 36 ಲಕ್ಷ, ಮುದ್ರಾಂಕ ಮತ್ತು ನೋಂದಣಿಗೆ 9.3 ಲಕ್ಷ, ಮಧ್ಯವರ್ತಿಗೆ ಶೇ 1ರಂತೆ 1.2 ಲಕ್ಷ, ರಿಪೇರಿಗೆ 5 ಲಕ್ಷ. ಒಟ್ಟು 51.5 ಲಕ್ಷ. ವಕೀಲರ ಶುಲ್ಕ, ಖಾತೆ ಬದಲಾವಣೆ, ಗೃಹಪ್ರವೇಶ ಇದರಲ್ಲಿಲ್ಲ. ನಿಮ್ಮ 52 ಲಕ್ಷ ಅಲ್ಲಿಗೆ ಮುಗಿಯಿತು. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 86 ಲಕ್ಷದ ಕಂತು ತಿಂಗಳಿಗೆ ಸುಮಾರು 74,600 ರೂಪಾಯಿ. ಆದ್ದರಿಂದ ನಿಮ್ಮ ಮಟ್ಟಿಗೆ 1.22 ಕಟ್ಟಕಡೆಯ ಅಂಚು, ಗುರಿಯಲ್ಲ.

ನಗದಿನ ವಿಷಯ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕಾನೂನನ್ನು ಒಂದು ಗಳಿಗೆ ಬದಿಗಿಟ್ಟು ಬರಿಯ ಲೆಕ್ಕವನ್ನೇ ನೋಡಿದರೂ ನಷ್ಟ ನಿಮಗೇ. 1.20 ಕೋಟಿಯಲ್ಲಿ 20 ಲಕ್ಷ ನಗದಾದರೆ ಪತ್ರದಲ್ಲಿ ಉಳಿಯುವುದು ಒಂದು ಕೋಟಿ. ಸಾಲ 75 ಲಕ್ಷಕ್ಕೆ ಇಳಿಯುತ್ತದೆ. ಕೈಯಿಂದ 45 ಲಕ್ಷ, ಶುಲ್ಕ 7.6 ಲಕ್ಷ, ಒಟ್ಟು 52.6 ಲಕ್ಷ. ಪೂರ್ತಿ ಬೆಲೆಯನ್ನು ಪತ್ರದಲ್ಲಿ ಬರೆಸಿದರೆ ಇದೇ ಲೆಕ್ಕ 43 ಲಕ್ಷದಲ್ಲಿ ಮುಗಿಯುತ್ತದೆ. ಒಂದೂವರೆ ಲಕ್ಷದ ಶುಲ್ಕ ಉಳಿಸಲು ಒಂಬತ್ತೂವರೆ ಲಕ್ಷ ಹೆಚ್ಚಿಗೆ ಹೊಂದಿಸಬೇಕು. ಮುಂದೆ ನೀವು ಮಾರುವಾಗ ನಿಮ್ಮ ಕೊಂಡ ಬೆಲೆ ಒಂದೇ ಕೋಟಿ ಎಂದು ದಾಖಲೆ ಹೇಳುವುದರಿಂದ, ಇಂದಿನ ಮಾರಾಟಗಾರರ ಲಾಭದ ತೆರಿಗೆಯನ್ನು ಅಂದು ನೀವು ಕಟ್ಟುತ್ತೀರಿ.

ತುಂಗಾತೀರದವಳು:

ಭೋಗ್ಯದ ಬಗ್ಗೆ ಯಾರೂ ಇನ್ನೂ ಹೇಳಿಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಆ 8 ಲಕ್ಷವನ್ನು ಈಗಿನ ಮಾಲೀಕರು ತೆಗೆದುಕೊಂಡು ಖರ್ಚು ಮಾಡಿಯಾಗಿದೆ. ಮನೆ ನಿಮ್ಮ ಹೆಸರಿಗಾದ ಮೇಲೆ ಬಾಡಿಗೆದಾರರು ಹಣಕ್ಕೆ ನಿಮ್ಮ ಮುಖವನ್ನೇ ನೋಡುತ್ತಾರೆ, ಮತ್ತು ಹಣ ಕೈಗೆ ಬರುವವರೆಗೆ ಬಿಟ್ಟು ಹೋಗುವುದಿಲ್ಲ. ಆದ್ದರಿಂದ 1.20 ಕೋಟಿಗೆ ಕೇಳುತ್ತೀರಾದರೆ ಆ ಮಾತಿನಲ್ಲೇ ಎರಡರಲ್ಲೊಂದು ಸ್ಪಷ್ಟವಾಗಿರಬೇಕು: ನೋಂದಣಿಗೆ ಮೊದಲು ಮಾರುವವರೇ ಭೋಗ್ಯದ ಹಣ ತೀರಿಸಿ ಮಹಡಿಯನ್ನು ಖಾಲಿ ಮಾಡಿಸಿಕೊಡಬೇಕು, ಇಲ್ಲವೇ 8 ಲಕ್ಷವನ್ನು ಬೆಲೆಯಲ್ಲಿ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟು, ಬಾಡಿಗೆದಾರರ ಹೊಣೆಯನ್ನು ನೀವು ಹೊರಬೇಕು. ಎರಡನೆಯದಾದರೆ ಬಾಡಿಗೆದಾರರನ್ನೂ ಕೂರಿಸಿಕೊಂಡು ಬರವಣಿಗೆ ಮಾಡಿಸಿಕೊಳ್ಳಿ. ಹಿಡಿದುಕೊಂಡ ಆ ಹಣ ನಿಮ್ಮದಲ್ಲ, ವರ್ಷದೊಳಗೆ ಕೊಡಬೇಕಾದ್ದು ಎಂಬುದು ನೆನಪಿರಲಿ.

ಬಾಕಿಗಳನ್ನೂ ನೋಡಿ. ಪಾಲಿಕೆಯ ಆಸ್ತಿ ತೆರಿಗೆ, ವಾಣಿವಿಲಾಸ ನೀರು ಸರಬರಾಜಿನ ಬಿಲ್ಲು, ಚೆಸ್ಕಾಂನ ವಿದ್ಯುತ್ ಬಿಲ್ಲು. ನೀರಿನ ಬಾಕಿ ಬಡ್ಡಿ ಸೇರಿ ಬೆಳೆದಿರುವ ಮನೆಗಳು ಇವೆ.

ಸಾಗರದಾಚೆ:

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ತಂದೆಯವರ ಮನೆಯನ್ನು ಇದೇ ರೀತಿ ಒಡಹುಟ್ಟಿದವರೊಂದಿಗೆ ಸೇರಿ ಮಾರಿದವನು; ಮಾರುವವರ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ನಾಲ್ವರು ವಾರಸುದಾರರಿರುವ ಮನೆಗೆ ನಾಲ್ಕು ಬೆಲೆಗಳಿರುತ್ತವೆ. ತಾಯಿಗೆ ಆ ಮನೆ ಬಿಟ್ಟು ಹೋಗಲು ಮನಸ್ಸಿಲ್ಲ, ಊರಿನಲ್ಲಿರುವವರಿಗೆ ಹೆಚ್ಚು ಹಣ ಬೇಕು, ಹೊರಗಿರುವವನಿಗೆ ರಜೆ ಮುಗಿಯುವುದರೊಳಗೆ ಸಹಿ ಹಾಕಿ ಹೊರಡಬೇಕು. 1.40 ಎಂಬುದು ಎಲ್ಲರೂ ಜಗಳವಿಲ್ಲದೆ ಒಪ್ಪಿದ ಅಂಕಿ ಅಷ್ಟೇ. ಯಾರೂ ಲೆಕ್ಕ ಹಾಕಿರುವುದಿಲ್ಲ. ಆದ್ದರಿಂದ ನಿಮ್ಮ ಪ್ರಸ್ತಾವ ಬರಿಯ ಸಂಖ್ಯೆಯಾಗಿರದೆ, ನೆಲಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು, ತಾರಸಿಗೆ ಇಷ್ಟು ಕಳೆದಿದ್ದೇವೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಅದು ಕುಟುಂಬದೊಳಗೆ ಕೈಯಿಂದ ಕೈಗೆ ಹೋಗುತ್ತದೆ. ನಮಗೆ ಬಂದ ಪ್ರಸ್ತಾವಗಳಲ್ಲಿ ನಾವು ಒಪ್ಪಿದ್ದು ಅತಿ ಹೆಚ್ಚಿನದನ್ನಲ್ಲ; ಲೆಕ್ಕ ಬರೆದು, ಸಾಲ ಮಂಜೂರಾತಿಯ ಪತ್ರ ಜೊತೆಗಿಟ್ಟು, ಇಂಥ ದಿನದೊಳಗೆ ನೋಂದಣಿ ಎಂದು ಹೇಳಿದವರದನ್ನು.

ಇನ್ನೊಂದು ವಿಷಯ. ಒಟ್ಟು ಬೆಲೆ 50 ಲಕ್ಷ ದಾಟಿದ್ದರಿಂದ, ಮಾರುವವರು ಎಷ್ಟೇ ಜನರಿದ್ದರೂ, ಇಲ್ಲಿ ವಾಸವಿರುವವರ ಪಾಲಿನಿಂದ ಶೇ 1ರಷ್ಟು ತೆರಿಗೆಯನ್ನು ನೀವೇ ಮುರಿದುಕೊಂಡು ಕಟ್ಟಬೇಕು. ಅಮೆರಿಕದಲ್ಲಿರುವವರು ತೆರಿಗೆಯ ದೃಷ್ಟಿಯಿಂದ ಅನಿವಾಸಿಯಾಗಿದ್ದರೆ ಅವರ ಪಾಲಿಗೆ ಶೇ 1 ಸಾಲದು. ದೀರ್ಘಾವಧಿ ಬಂಡವಾಳ ಲಾಭದ ಶೇ 12.5ರ ದರ, ಅದರ ಮೇಲಿನ ಸೆಸ್ ಇತ್ಯಾದಿ ಅನ್ವಯವಾಗುತ್ತವೆ. ಕಡಿಮೆ ಮುರಿಯಲು ಅನುಮತಿಸುವ ಪ್ರಮಾಣಪತ್ರವನ್ನು ಅವರು ಆದಾಯ ತೆರಿಗೆ ಇಲಾಖೆಯಿಂದ ತರಬಹುದು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಮುರಿಯದೆ ಬಿಟ್ಟರೆ ಇಲಾಖೆ ಕೇಳುವುದು ನಿಮ್ಮನ್ನು. "ನನ್ನ ಪಾಲು ಪೂರ್ತಿ ಕೈಗೆ ಬರಬೇಕು" ಎಂದು ಕೊನೆಗಳಿಗೆಯಲ್ಲಿ ಅವರು ಹಟ ಹಿಡಿಯದಂತೆ, ಬೆಲೆ ಹೇಳುವಾಗಲೇ "ತೆರಿಗೆ ಮುರಿತ ಇದರಲ್ಲಿ ಸೇರಿದೆ" ಎಂದು ಹೇಳಿಬಿಡಿ.

ಕಚೇರಿದಾರಿ:

ವಕೀಲನಾಗಿ ಒಂದು ಮಾತು ಸೇರಿಸುತ್ತೇನೆ. ಮನೆ ತೀರಿಹೋದವರ ಸ್ವಯಾರ್ಜಿತವಾಗಿದ್ದು, ಅವರು ವಿಲ್ ಬರೆಯದೆ ಹೋಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿಗೂ ಮಕ್ಕಳೆಲ್ಲರಿಗೂ ಸಮಪಾಲು. ಮದುವೆಯಾಗಿ ಹೋದ ಮಗಳಿಗೂ. ತೀರಿಹೋದವರ ತಾಯಿ ಇದ್ದರೆ ಅವರಿಗೂ ಒಂದು ಪಾಲುಂಟು, ಇದನ್ನು ವಿಚಾರಿಸಲು ಅನೇಕರು ಮರೆಯುತ್ತಾರೆ. ಇವರಲ್ಲಿ ಒಬ್ಬರ ಸಹಿ ಬಾಕಿ ಉಳಿದರೂ ನೀವು ಕೊಳ್ಳುವುದು ಪೂರ್ಣ ಮನೆಯನ್ನಲ್ಲ. ಇನ್ನು 2024ರ ಅಕ್ಟೋಬರ್‌ನಿಂದ ನಗರ ಪ್ರದೇಶಗಳಲ್ಲಿ ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ನೋಂದಣಿ ಮಾಡುತ್ತಿಲ್ಲ. ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ದಾಖಲೆ ಸರಿಯಿಲ್ಲವೆಂದು ಬೆಲೆಯನ್ನು ಐದು ಲಕ್ಷ ಇಳಿಸಿಕೊಂಡು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ತಾರಸಿ ಸೋರುವುದಕ್ಕೆ ಬೆಲೆ ಕಟ್ಟಬಹುದು, ಸಹಿ ಹಾಕದ ವಾರಸುದಾರರಿಗೆ ಬೆಲೆ ಕಟ್ಟಲಾಗದು. ಅಂಥದ್ದಿದ್ದರೆ ಸರಿಪಡಿಸಿ ಕೊಟ್ಟ ಮೇಲೆ ಕೊಳ್ಳಿ, ಇಲ್ಲವೇ ಬಿಡಿ.

ಹಳೇಮೈಸೂರು:

ಹಾಗಾದರೆ ಮೊದಲ ಮಾತು ಎಷ್ಟಿರಬೇಕು? ನನ್ನ ಅಭಿಪ್ರಾಯದಲ್ಲಿ 1.15ಕ್ಕಿಂತ ಕೆಳಗೆ ಹೋಗಬಾರದು. ಮಾವನವರು ಹೇಳಿದಂತೆ ಒಂದು ಕೋಟಿ ಎಂದರೆ, ಅದು ಬರಿಯ ನಿವೇಶನದ ಬೆಲೆಗಿಂತಲೂ ಕಡಿಮೆ. ಗಂಡ ಕಟ್ಟಿಸಿದ ಮನೆಗೆ ಬೆಲೆಯೇ ಇಲ್ಲ ಎಂದು ಆ ತಾಯಿಯ ಎದುರು ಹೇಳಿದಂತಾಗುತ್ತದೆ. ನಮ್ಮ ಕಡೆ ಇಂಥ ಮಾತು ಒಮ್ಮೆ ಮುರಿದರೆ ಬೆಲೆ ಏರಿಸಿದರೂ ಮತ್ತೆ ಕೂಡುವುದಿಲ್ಲ.

ಇಟ್ಟಿಗೆಗಾರೆ:

ಒಂದು ಕೋಟಿ ಬೇಡ, ಒಪ್ಪುತ್ತೇನೆ. ಆದರೆ 1.15 ನನಗೆ ಜಾಸ್ತಿಯೇ ಆಯಿತು. 1.23ರಿಂದ ವಯಸ್ಸಿಗೆ ಮೀರಿದ ದೋಷದ ಮೂರು ಲಕ್ಷ ಕಳೆದರೆ 1.20. ಇದು ಮಹಡಿ ಸಕ್ರಮವಾಗಿದ್ದರೆ ಇರುವ ಬೆಲೆ. ಪ್ಲಾನ್ ಇಲ್ಲದ ಮಹಡಿಗೆ ಪೂರ್ತಿ ಬೆಲೆ ಕೊಡುವುದು ನ್ಯಾಯವಲ್ಲ. ನಾಳೆ ನೀವು ಮಾರುವಾಗ ನಿಮ್ಮಿಂದ ಕೊಳ್ಳುವವರ ಬ್ಯಾಂಕೂ ಇದೇ ಮಾತನ್ನು ಹೇಳುತ್ತದೆ. ಮಹಡಿಯ ಎಂಟೂವರೆ ಲಕ್ಷದಲ್ಲಿ ಅರ್ಧ ಕಳೆದರೆ 1.16ಕ್ಕೆ ಬರುತ್ತದೆ. ನ್ಯಾಯವಾದ ಬೆಲೆಯೇ 1.16 ಆಗಿರುವಾಗ 1.15ರಿಂದ ಮಾತು ಶುರು ಮಾಡಿದರೆ ಏರಲು ಜಾಗವೆಲ್ಲಿದೆ? 1.10 ಎನ್ನಿ, ಲೆಕ್ಕದ ಹಾಳೆಯೊಂದಿಗೆ.

ತುಂಗಾತೀರದವಳು:

ಲೆಕ್ಕ ಸರಿ, ಆದರೆ ಆ ಮಹಡಿಯಿಂದ ಬಾಡಿಗೆ ಬರುತ್ತದೆ ಎಂಬುದನ್ನೂ ನೋಡಬೇಕಲ್ಲ? ಪ್ಲಾನ್ ಇದ್ದರೂ ಇಲ್ಲದಿದ್ದರೂ ಬಾಡಿಗೆ ಅಷ್ಟೇ.

ಲೆಕ್ಕದಪುಸ್ತಕ:

ನೋಡಬೇಕು. ಆ ಬೀದಿಯಲ್ಲಿ ಇಂಥ ಮನೆಯ ಕೆಳಭಾಗಕ್ಕೆ 18,000, ಮಹಡಿಗೆ 12,000 ಬರಬಹುದೆಂದು ಇಟ್ಟುಕೊಂಡರೆ ವರ್ಷಕ್ಕೆ 3.6 ಲಕ್ಷ, 1.20 ಕೋಟಿಗೆ ಶೇ 3. ಸಾಲದ ಬಡ್ಡಿ ಶೇ 8.5. ಬಾಡಿಗೆಯನ್ನು ನೆಚ್ಚಿಕೊಂಡು ಬೆಲೆ ಏರಿಸಲು ಈ ಲೆಕ್ಕ ಯಾವ ಆಧಾರವನ್ನೂ ಕೊಡುವುದಿಲ್ಲ. ಸ್ವಂತ ವಾಸಕ್ಕೆ ಕೊಳ್ಳುವವರು ಇದನ್ನು ಮೀರಿ ಕೊಡುತ್ತಾರೆಂದರೆ ಅದು ಅವರ ಇಷ್ಟ, ಅದರಲ್ಲಿ ತಪ್ಪೇನಿಲ್ಲ. ಎಷ್ಟು ಮೀರಿ ಕೊಡುತ್ತಿದ್ದೇವೆಂದು ತಿಳಿದಿದ್ದರೆ ಸಾಕು.

ನಿಮ್ಮ ಗಡಿಯನ್ನು ಮಧ್ಯವರ್ತಿಗೆ ಹೇಳಬೇಡಿ. ಅವರು ಕೆಟ್ಟವರೆಂದಲ್ಲ. ಬೆಲೆ ಐದು ಲಕ್ಷ ಹೆಚ್ಚಾದರೂ ಕಡಿಮೆಯಾದರೂ ಶೇ 1ರ ಲೆಕ್ಕದಲ್ಲಿ ಅವರಿಗೆ ಬರುವ ವ್ಯತ್ಯಾಸ 5,000 ರೂಪಾಯಿ. ವ್ಯವಹಾರ ಮುರಿದರೆ ಅವರಿಗೆ ಏನೂ ಇಲ್ಲ. ಹೀಗಿರುವಾಗ ಎಲ್ಲಿ ಬೇಗ ಮುಗಿಯುತ್ತದೋ ಅಲ್ಲಿಗೆ ಎರಡೂ ಕಡೆಯವರನ್ನು ತಳ್ಳುವುದು ಅವರ ಕಸುಬು.

ಕಾವೇರಿತೀರ:

ನಿಮ್ಮೆಲ್ಲರ ಸಲಹೆಗಳನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಕುಳಿತು ಚರ್ಚಿಸಿ, ಕೊನೆಯ ಗಡಿಯನ್ನು 1.19 ಕೋಟಿ ಎಂದು ನಿರ್ಧರಿಸಿದೆವು. 1.22ರವರೆಗೆ ಕೈ ಎಟುಕಬಹುದಾದರೂ ಗೃಹಪ್ರವೇಶದ ಮರುದಿನ ಬರಿಗೈಯಲ್ಲಿ ನಿಲ್ಲುವುದು ಬೇಡವೆಂದು ಯಜಮಾನರ ಅಭಿಪ್ರಾಯ. ಮಾವನವರನ್ನೇ ಮುಂದಿಟ್ಟುಕೊಂಡು ಹೋಗಿ, ಲೆಕ್ಕದ ಹಾಳೆಯೊಂದಿಗೆ 1.12 ಕೋಟಿ ಎಂದು ತಿಳಿಸಿದೆವು. ಪೂರ್ತಿ ಮೊತ್ತ ಬ್ಯಾಂಕಿನ ಮೂಲಕ, ಭೋಗ್ಯವನ್ನು ಅವರೇ ತೀರಿಸಬೇಕು, ತೆರಿಗೆ ಮುರಿತ ಸೇರಿ. ಆ ತಾಯಿಯವರು ಕಾಫಿ ಕೊಟ್ಟು, ಹಾಳೆಯನ್ನು ಇಸಿದುಕೊಂಡು, ಮಗಳೊಂದಿಗೆ ಮಾತನಾಡಿ ತಿಳಿಸುವುದಾಗಿ ಹೇಳಿದರು. ಈಗ ಹಿರಿಯ ಮಗ ಫೋನ್ ಮಾಡಿ 1.28 ಎಂದಿದ್ದಾರೆ. ನಗದಿನ ಮಾತನ್ನು ಅವರು ಎತ್ತಲೇ ಇಲ್ಲ. ಅದು ಮಧ್ಯವರ್ತಿಯ ಸ್ವಂತ ಕಲ್ಪನೆಯಿದ್ದಂತೆ ತೋರುತ್ತದೆ. ಆಷಾಢ ಬರುವುದರೊಳಗೆ ಕರಾರು ಆಗಬೇಕೆಂದು ಅವರ ಬಯಕೆ. ನಾವು ತಕ್ಷಣ 1.19 ಎಂದುಬಿಡಬೇಕೇ?

ಸಾಗರದಾಚೆ:

ಬೇಡ. 1.40ರಿಂದ 1.28ಕ್ಕೆ ಒಂದೇ ಹೆಜ್ಜೆಯಲ್ಲಿ ಇಳಿದಿದ್ದಾರೆಂದರೆ ನಿಮ್ಮ ಹಾಳೆಯನ್ನು ಓದಿದ್ದಾರೆ. ಹಾಳೆಯಲ್ಲಿ ಯಾವ ಸಾಲನ್ನು ಅವರು ಒಪ್ಪುವುದಿಲ್ಲ ಎಂದು ಕೇಳಿ. ನೆಲದ ದರ ಎಂದರೆ 9,000ಕ್ಕೆ ಮಾರಾಟವಾದ ಮನೆಯನ್ನು ಅವರು ತೋರಿಸಲಿ. ತೋರಿಸಿದರೆ ನೀವು ಏರಿಸಲು ಕಾರಣವಿರುತ್ತದೆ, ತೋರಿಸದಿದ್ದರೆ ಅವರು ಇಳಿಸಲು.

ಕಚೇರಿದಾರಿ:

ಬೆಲೆಯಲ್ಲದೆ ಕೊಡಬಹುದಾದದ್ದು ಇನ್ನೂ ಇದೆ. ಭೋಗ್ಯದ 8 ಲಕ್ಷ ತೀರಿಸಲು ಅವರ ಕೈಯಲ್ಲಿ ಹಣವಿಲ್ಲದಿರಬಹುದು. ಹಾಗಿದ್ದರೆ ಕರಾರಿನ ದಿನ ಕೊಡುವ ಮುಂಗಡದಲ್ಲೇ ಆ ಮೊತ್ತವನ್ನು ಸೇರಿಸಿ, ಬಾಡಿಗೆದಾರರ ಹೆಸರಿಗೇ ಚೆಕ್ ಕೊಡುವಂತೆ ಬರೆಸಿ. ಆಷಾಢದ ಮೊದಲು ಕರಾರು ಬೇಕೆಂಬುದು ಅವರ ತುರ್ತು, ಅದನ್ನು ಒಪ್ಪುವುದಕ್ಕೆ ಪ್ರತಿಯಾಗಿ ಬೆಲೆಯಲ್ಲಿ ಎರಡು ಲಕ್ಷ ಕೇಳಬಹುದು. ಆದರೆ ಕರಾರಿಗೆ ನಾಲ್ವರೂ ಸಹಿ ಹಾಕಬೇಕು; ಅಮೆರಿಕದಲ್ಲಿರುವವರದ್ದು ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಬಂದ ಅಧಿಕಾರಪತ್ರವಾದರೂ ಸರಿ. ಸಾಲ ಮಂಜೂರಾಗದಿದ್ದರೆ ಮುಂಗಡವನ್ನು ಇಂತಿಷ್ಟು ದಿನದೊಳಗೆ ಹಿಂದಿರುಗಿಸಬೇಕು ಎಂಬ ಷರತ್ತು ಇರಲಿ. ಮತ್ತು ಮುಂದಿನ ಬೆಲೆಯನ್ನು, 1.15 ಎಂದುಕೊಳ್ಳೋಣ, ಹೇಳುವಾಗ ಅದು ಯಾವ ದಿನಾಂಕದವರೆಗೆ ಎಂಬುದನ್ನೂ ಹೇಳಿ. ಇಲ್ಲವಾದರೆ ನಿಮ್ಮ 1.15 ಅನ್ನು ಕೈಯಲ್ಲಿಟ್ಟುಕೊಂಡು ಅವರು ಇನ್ನೊಬ್ಬರ ಬಳಿ 1.30ಕ್ಕೆ ಮಾತನಾಡುತ್ತಿರುತ್ತಾರೆ.